ಒಂದು ಕಿಲೋ ತೂಕದ ಡ್ರೋನ್‌ಗೆ ಇಡೀ ವಿಮಾನ ನಿಲ್ದಾಣವನ್ನೇ ಏಕೆ ಮುಚ್ಚುತ್ತಾರೆ?

2025ರ ಸೆಪ್ಟೆಂಬರ್ 22ರ ರಾತ್ರಿ ಡೆನ್ಮಾರ್ಕಿನ ಕೋಪನ್‌ಹೇಗನ್ ವಿಮಾನ ನಿಲ್ದಾಣದ ಬಳಿ ಡ್ರೋನ್‌ಗಳು ಕಾಣಿಸಿಕೊಂಡವೆಂದು ಸುಮಾರು ನಾಲ್ಕು ಗಂಟೆಗಳ ಕಾಲ ವಿಮಾನಗಳ ಹಾರಾಟ ನಿಂತಿತು. ಅದೇ ರಾತ್ರಿ ನಾರ್ವೆಯ ಓಸ್ಲೋದಲ್ಲಿಯೂ, ಅಕ್ಟೋಬರ್ ಮೊದಲ ವಾರದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿಯೂ ಇದೇ ಕಾರಣಕ್ಕೆ ಸಂಚಾರ ಸ್ಥಗಿತಗೊಂಡಿತು. ಇನ್ನೂರು ಜನರನ್ನು ಹೊತ್ತೊಯ್ಯುವ, ಎಪ್ಪತ್ತು ಟನ್ ತೂಗುವ ವಿಮಾನವು ಕೈಚೀಲದಲ್ಲಿ ಹಿಡಿಸುವ ಒಂದು ಯಂತ್ರಕ್ಕೆ ಇಷ್ಟು ಹೆದರಬೇಕೇ ಎಂಬ ಪ್ರಶ್ನೆ ಓದುಗರಲ್ಲಿ ಮೂಡುವುದು ಸಹಜ.

ಉತ್ತರ ಕನ್ನಡದ ಮಟ್ಟಿಗೆ ಇದು ದೂರದ ಸುದ್ದಿಯಲ್ಲ. ಮದುವೆಯ ಚಿತ್ರೀಕರಣದಿಂದ ಹಿಡಿದು ಮುರುಡೇಶ್ವರ, ಗೋಕರ್ಣ, ಯಾಣಗಳ ಪ್ರವಾಸಿ ವಿಡಿಯೋಗಳವರೆಗೆ ಡ್ರೋನ್ ಈಗ ಸಾಮಾನ್ಯ ವಸ್ತು. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಹೊಡೆಯಲು ಮರವೇರುವ ಕೆಲಸಗಾರರಾದ ಕೊನೆಗೌಡರು ಸಿಗದಿರುವುದರಿಂದ ದೊಡ್ಡ ಗಾತ್ರದ ಸಿಂಪಡಣೆ ಡ್ರೋನ್‌ಗಳ ಮೇಲೂ ಕೃಷಿಕರ ಕಣ್ಣು ಬಿದ್ದಿದೆ. ಇನ್ನೊಂದೆಡೆ, ಕಾರವಾರದ ಪಕ್ಕದಲ್ಲೇ ನೌಕಾನೆಲೆಯಿದೆ. ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ ನೌಕಾಪಡೆಯ ವಾಯುನೆಲೆಯ ಜೊತೆಗೆ ನಾಗರಿಕ ವಿಮಾನ ನಿಲ್ದಾಣದ ಯೋಜನೆಯೂ ಇದೆ. ಹೀಗಾಗಿ ಡ್ರೋನ್ ಮತ್ತು ವಿಮಾನ ಒಂದೇ ಆಕಾಶವನ್ನು ಹಂಚಿಕೊಂಡಾಗ ಏನಾಗುತ್ತದೆ ಎಂಬುದನ್ನು ಮೊದಲಿನಿಂದ ತಿಳಿದುಕೊಳ್ಳುವುದು ಉಪಯುಕ್ತ.

ಡ್ರೋನ್ ಎಂದರೆ ಯಾವುದು?

ಒಳಗೆ ಚಾಲಕನಿಲ್ಲದೆ, ನೆಲದಲ್ಲಿರುವ ವ್ಯಕ್ತಿಯ ನಿಯಂತ್ರಣದಲ್ಲಿ ಅಥವಾ ಮೊದಲೇ ಅಳವಡಿಸಿದ ಕ್ರಮದಂತೆ ಹಾರುವ ಯಂತ್ರವೇ ಡ್ರೋನ್. ಭಾರತದಲ್ಲಿ ಇವುಗಳ ಬಳಕೆಯನ್ನು 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಾವಳಿ ನಿಯಂತ್ರಿಸುತ್ತದೆ. ತೂಕವೇ ಅದರ ವರ್ಗೀಕರಣದ ಆಧಾರ. 250 ಗ್ರಾಂವರೆಗಿನವು ನ್ಯಾನೋ, ಅಲ್ಲಿಂದ 2 ಕಿಲೋವರೆಗಿನವು ಮೈಕ್ರೋ, 25 ಕಿಲೋವರೆಗಿನವು ಸಣ್ಣ, 150 ಕಿಲೋವರೆಗಿನವು ಮಧ್ಯಮ, ಅದಕ್ಕೂ ಮೇಲಿನವು ದೊಡ್ಡ ಡ್ರೋನ್‌ಗಳು. ಫೋಟೋಗ್ರಾಫರ್‌ಗಳ ಕೈಯಲ್ಲಿರುವುದು ಸಾಮಾನ್ಯವಾಗಿ ಮೊದಲ ಎರಡು ವರ್ಗದ್ದು. ತೋಟಕ್ಕೆ ಮದ್ದು ಹೊಡೆಯುವ ಡ್ರೋನ್ ತುಂಬಿದ ಟ್ಯಾಂಕ್ ಹೊತ್ತು ಏರುವಾಗ ಸಣ್ಣ ವರ್ಗಕ್ಕೆ ಸೇರಿದರೂ, ಅದರ ತೂಕ ಮದುವೆ ಮನೆಯ ಡ್ರೋನ್‌ನ ಹತ್ತಿಪ್ಪತ್ತು ಪಟ್ಟು ಇರಬಹುದು. ಕಾನೂನಿನ ಭಾಷೆಯ ‘ಸಣ್ಣ’ ಎಂಬ ಪದ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ.

ಪೆಟ್ಟಿನ ಬಲ ಎಲ್ಲಿಂದ ಬರುತ್ತದೆ?

ಹಗುರವಾದ ವಸ್ತು ಹೆಚ್ಚು ಹಾನಿ ಮಾಡಲಾರದು ಎಂಬುದು ನಮ್ಮ ದೈನಂದಿನ ಅನುಭವ. ಆ ಅನುಭವ ನೆಲದ ಮೇಲಿನ ವೇಗಗಳಿಗೆ ಸರಿ, ವಿಮಾನದ ವೇಗಕ್ಕೆ ಸರಿಯಲ್ಲ. ಡಿಕ್ಕಿಯ ಶಕ್ತಿ ತೂಕದ ಜೊತೆ ನೇರವಾಗಿ ಹೆಚ್ಚಿದರೆ, ವೇಗದ ಜೊತೆ ಅದರ ವರ್ಗದಷ್ಟು ಹೆಚ್ಚುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ಪೆಟ್ಟು ನಾಲ್ಕು ಪಟ್ಟಾಗುತ್ತದೆ, ವೇಗ ಮೂರು ಪಟ್ಟಾದರೆ ಪೆಟ್ಟು ಒಂಬತ್ತು ಪಟ್ಟಾಗುತ್ತದೆ.

ಕರಾವಳಿಯವರಿಗೆ ಚಿರಪರಿಚಿತವಾದ ಲೆಕ್ಕದಿಂದಲೇ ಇದನ್ನು ನೋಡೋಣ. ಒಂದೂವರೆ ಕಿಲೋ ತೂಕದ ತೆಂಗಿನಕಾಯಿ 15 ಮೀಟರ್ ಎತ್ತರದ ಮರದಿಂದ ಕಳಚಿ ಬಿದ್ದರೆ, ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್, ಅದರ ಶಕ್ತಿ ಸುಮಾರು 220 ಜೂಲ್. ಅದು ತಲೆಯ ಮೇಲೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಈಗ 900 ಗ್ರಾಂ ತೂಕದ ಡ್ರೋನ್ ಗಾಳಿಯಲ್ಲಿ ನಿಂತಿದೆ, ಇಳಿಯಲು ಬರುತ್ತಿರುವ ಪ್ರಯಾಣಿಕ ವಿಮಾನ ಗಂಟೆಗೆ 260 ಕಿಲೋಮೀಟರ್ ವೇಗದಲ್ಲಿ ಅದಕ್ಕೆ ಬಡಿಯುತ್ತದೆ ಎಂದುಕೊಳ್ಳಿ. ಆಗಿನ ಶಕ್ತಿ ಸುಮಾರು 2,300 ಜೂಲ್, ಎಂದರೆ ಆ ಕಾಯಿಯ ಹತ್ತು ಪಟ್ಟಿಗಿಂತ ಹೆಚ್ಚು. ವಿಮಾನ ಇನ್ನೂ ಸ್ವಲ್ಪ ದೂರದಲ್ಲಿದ್ದು ಗಂಟೆಗೆ 460 ಕಿಲೋಮೀಟರ್ ವೇಗದಲ್ಲಿದ್ದರೆ, ಅದೇ ಡ್ರೋನ್‌ನ ಪೆಟ್ಟು ಮೂವತ್ತು ಪಟ್ಟನ್ನು ದಾಟುತ್ತದೆ. ಡ್ರೋನ್ ಚಲಿಸುತ್ತಿತ್ತೇ, ನಿಂತಿತ್ತೇ ಎಂಬುದು ಇಲ್ಲಿ ಬಹುಮಟ್ಟಿಗೆ ಗೌಣ, ಏಕೆಂದರೆ ವೇಗವನ್ನು ತರುವುದು ವಿಮಾನ.

ಹಕ್ಕಿಗಳು ಬಡಿಯುವುದಿಲ್ಲವೇ?

ಬಡಿಯುತ್ತವೆ, ಪದೇ ಪದೇ ಬಡಿಯುತ್ತವೆ. ಆದ್ದರಿಂದಲೇ ವಿಮಾನಗಳನ್ನು ಹಕ್ಕಿಯ ಪೆಟ್ಟನ್ನು ಗಮನದಲ್ಲಿಟ್ಟು ವಿನ್ಯಾಸ ಮಾಡಲಾಗುತ್ತದೆ. ಅಮೆರಿಕದ ಪ್ರಮಾಣೀಕರಣ ನಿಯಮಗಳಂತೆ ದೊಡ್ಡ ಪ್ರಯಾಣಿಕ ವಿಮಾನದ ಮುಂಭಾಗದ ಗಾಜು ಸುಮಾರು 1.8 ಕಿಲೋ ತೂಕದ ಹಕ್ಕಿಯ ಹೊಡೆತಕ್ಕೆ ಒಡೆದು ಒಳಬರಬಾರದು. ಬಾಲದ ಭಾಗ ಸುಮಾರು 3.6 ಕಿಲೋ ತೂಕದ ಹಕ್ಕಿ ಬಡಿದ ಮೇಲೂ ವಿಮಾನ ಸುರಕ್ಷಿತವಾಗಿ ಇಳಿಯುವಷ್ಟು ಗಟ್ಟಿ ಇರಬೇಕು. ಎಂಜಿನ್‌ಗಳಿಗೂ ಇಂಥ ಪರೀಕ್ಷೆಗಳಿವೆ. ಮಧ್ಯಮ ಗಾತ್ರದ ಹಕ್ಕಿಗಳನ್ನು ನುಂಗಿದ ಬಳಿಕವೂ ಎಂಜಿನ್ ಕೆಲಸ ಮಾಡುತ್ತಿರಬೇಕು. ದೊಡ್ಡ ಹಕ್ಕಿಯೊಂದನ್ನು ನುಂಗಿದರೆ ಅದು ನಿಂತರೂ ಚಿಂತೆಯಿಲ್ಲ, ಆದರೆ ಸಿಡಿದು ಚೂರುಗಳು ಹೊರಗೆ ತೂರಬಾರದು, ನಿಯಂತ್ರಣಕ್ಕೆ ಸಿಗದ ಬೆಂಕಿ ಹತ್ತಬಾರದು. ಇಷ್ಟಾದರೂ ಹಕ್ಕಿಗಳ ಹಿಂಡು ಎರಡೂ ಎಂಜಿನ್‌ಗಳಿಗೆ ನುಗ್ಗಿದರೆ ಏನಾಗುತ್ತದೆ ಎಂಬುದನ್ನು 2009ರ ಜನವರಿ 15ರಂದು ನ್ಯೂಯಾರ್ಕ್ ತೋರಿಸಿತು. ಬಾತುಕೋಳಿ ಜಾತಿಯ ದೊಡ್ಡ ಹಕ್ಕಿಗಳು ಎಂಜಿನ್‌ಗಳಿಗೆ ಸಿಕ್ಕಿ, 155 ಜನರಿದ್ದ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಬೇಕಾಯಿತು. ಎಲ್ಲರೂ ಬದುಕಿದರು.

ಡ್ರೋನ್‌ಗೆ ಸಂಬಂಧಿಸಿ ಇಂಥ ಪ್ರಮಾಣೀಕರಣ ಪರೀಕ್ಷೆ ಪ್ರಯಾಣಿಕ ವಿಮಾನಗಳಿಗೆ ಇಲ್ಲ. ಹಕ್ಕಿಯ ಲೆಕ್ಕವನ್ನೇ ಡ್ರೋನ್‌ಗೂ ಅನ್ವಯಿಸಬಹುದಲ್ಲ ಎಂದರೆ, ಅದು ಸಾಧ್ಯವಿಲ್ಲ. ಹಕ್ಕಿಯ ದೇಹದಲ್ಲಿ ನೀರಿನ ಅಂಶವೇ ಹೆಚ್ಚು. ಅಷ್ಟು ವೇಗದಲ್ಲಿ ಬಡಿದಾಗ ಅದು ಬಹುತೇಕ ದ್ರವದಂತೆ ಚದುರಿ, ಪೆಟ್ಟನ್ನು ಅಗಲವಾದ ಜಾಗಕ್ಕೆ ಹಂಚುತ್ತದೆ. ಡ್ರೋನ್‌ನಲ್ಲಿ ತಾಮ್ರದ ಸುರುಳಿ ಮತ್ತು ಅಯಸ್ಕಾಂತಗಳಿಂದ ತುಂಬಿದ ಮೋಟರುಗಳು, ಇಟ್ಟಿಗೆಯಂತೆ ಗಟ್ಟಿಯಾದ ಬ್ಯಾಟರಿ ಮತ್ತು ಕ್ಯಾಮೆರಾ ಇರುತ್ತವೆ. ಇವು ಚದುರುವುದಿಲ್ಲ, ಸಣ್ಣ ಜಾಗದಲ್ಲಿ ಎಲ್ಲ ಬಲವನ್ನೂ ಇಟ್ಟು ಒಳಗೆ ಕೊರೆಯುತ್ತವೆ. ಅಮೆರಿಕದ ವಿಮಾನಯಾನ ಆಡಳಿತಕ್ಕಾಗಿ ಅಲ್ಲಿನ ವಿಶ್ವವಿದ್ಯಾಲಯಗಳ ಕೂಟವೊಂದು 2017ರಲ್ಲಿ ಪ್ರಕಟಿಸಿದ ಅಧ್ಯಯನವೂ, ಅಷ್ಟೇ ತೂಕದ ಹಕ್ಕಿಗಿಂತ ಡ್ರೋನ್ ಹೆಚ್ಚು ಹಾನಿ ಮಾಡಬಲ್ಲದು ಮತ್ತು ಅದಕ್ಕೆ ಈ ಗಡುಸು ಭಾಗಗಳೇ ಕಾರಣ ಎಂಬ ನಿರ್ಣಯಕ್ಕೆ ಬಂದಿತು.

2018ರಲ್ಲಿ ಓಹಾಯೋದ ಡೇಟನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಅವರು ಒಂದು ಕಿಲೋಗೆ ಸ್ವಲ್ಪ ಕಡಿಮೆ ತೂಕದ ಡ್ರೋನನ್ನು ಗಂಟೆಗೆ ಸುಮಾರು 380 ಕಿಲೋಮೀಟರ್ ವೇಗದಲ್ಲಿ ಸಣ್ಣ ವಿಮಾನವೊಂದರ ರೆಕ್ಕೆಗೆ ಹಾರಿಸಿ ಬಡಿಸಿದರು. ಡ್ರೋನ್ ರೆಕ್ಕೆಯ ಮುಂಭಾಗದ ಅಂಚನ್ನು ಸೀಳಿ ಒಳನುಗ್ಗಿ, ರೆಕ್ಕೆಯ ಭಾರವನ್ನೆಲ್ಲ ಹೊರುವ ಒಳಗಿನ ತೊಲೆಗೆ ಹಾನಿ ಮಾಡಿತು. ಅಷ್ಟೇ ತೂಕದ ಕೃತಕ ಹಕ್ಕಿಯನ್ನು ಬಡಿಸಿದಾಗ ಅಂಚು ಮೇಲ್ನೋಟಕ್ಕೆ ಇನ್ನೂ ಹೆಚ್ಚು ನಜ್ಜುಗುಜ್ಜಾಯಿತು, ಆದರೆ ಪೆಟ್ಟು ಅಷ್ಟು ಆಳಕ್ಕೆ ಇಳಿಯಲಿಲ್ಲ. ಡ್ರೋನ್ ತಯಾರಿಸಿದ ಕಂಪನಿ ಈ ಪರೀಕ್ಷೆಯಲ್ಲಿ ಬಳಸಿದ ವೇಗ ವಾಸ್ತವಕ್ಕಿಂತ ಹೆಚ್ಚಾಯಿತೆಂದು ಆಕ್ಷೇಪಿಸಿತು. ಆ ತಕರಾರು ವೇಗದ ಕುರಿತಾದದ್ದು. ಗಡುಸು ವಸ್ತು ಮೆತ್ತನೆಯ ವಸ್ತುವಿಗಿಂತ ಆಳಕ್ಕೆ ಹೋಗುತ್ತದೆ ಎಂಬ ಅಂಶ ಅದರಿಂದ ಬದಲಾಗುವುದಿಲ್ಲ.

ಕಾರವಾರದ ಕಡಲತೀರದಲ್ಲಿ ಪ್ರದರ್ಶನಕ್ಕಿಟ್ಟಿರುವ ನೌಕಾಪಡೆಯ ಟುಪೊಲೆವ್ 142 ವಿಮಾನವನ್ನು ನೋಡಿದವರಿಗೆ ರೆಕ್ಕೆಯ ಮುಂಭಾಗದ ಅಂಚು ಎಂದರೆ ಯಾವುದೆಂದು ಗೊತ್ತಿರುತ್ತದೆ. ಗಾಳಿಯನ್ನು ಮೊದಲು ಸೀಳುವ ದುಂಡನೆಯ ಭಾಗವದು. ವಿಮಾನ ಹಗುರವಿರಬೇಕಾದ್ದರಿಂದ ಆ ಹೊದಿಕೆ ತೆಳುವಾದ ಲೋಹದ ಹಾಳೆಯೇ ಹೊರತು ದಪ್ಪ ಕವಚವಲ್ಲ.

ಒಂದು ಡ್ರೋನ್ ಬಡಿದರೆ ವಿಮಾನ ಬಿದ್ದೇ ಬಿಡುತ್ತದೆಯೇ?

ಹಾಗೇನಿಲ್ಲ. ಎರಡು ಎಂಜಿನ್‌ಗಳ ಪ್ರಯಾಣಿಕ ವಿಮಾನ ಒಂದೇ ಎಂಜಿನ್‌ನಲ್ಲಿ ಹಾರಿ ಇಳಿಯುವಂತೆ ರೂಪಿತವಾಗಿದೆ. ಎಂಜಿನ್‌ನ ಮುಂದಿನ ಫ್ಯಾನಿನ ಅಲಗು ಮುರಿದರೂ ಅದರ ಚೂರುಗಳು ಹೊರಚಿಮ್ಮದಂತೆ ಸುತ್ತಲೂ ಬಲವಾದ ಕವಚವಿರುತ್ತದೆ. ಇಲ್ಲಿಯವರೆಗೆ ದಾಖಲಾದ ಡಿಕ್ಕಿಗಳಲ್ಲಿ ವಿಮಾನಗಳು ಪೆಟ್ಟು ತಿಂದೂ ಇಳಿದಿವೆ. 2017ರ ಅಕ್ಟೋಬರ್ 12ರಂದು ಕೆನಡಾದ ಕ್ವೆಬೆಕ್ ನಗರದ ನಿಲ್ದಾಣಕ್ಕೆ ಇಳಿಯುತ್ತಿದ್ದ, ಎಂಟು ಜನರಿದ್ದ ಪುಟ್ಟ ಪ್ರಯಾಣಿಕ ವಿಮಾನದ ಎಡರೆಕ್ಕೆಗೆ ಡ್ರೋನ್ ಬಡಿಯಿತು. ಹಾನಿ ಅಲ್ಪವಾಗಿತ್ತು. ಅಲ್ಲಿ ಆಗ ಮನರಂಜನೆಯ ಡ್ರೋನ್‌ಗಳಿಗೆ 90 ಮೀಟರ್ ಎತ್ತರದ ಮಿತಿಯಿತ್ತು. ಡಿಕ್ಕಿಯಾದದ್ದು ಅದಕ್ಕಿಂತ ಬಹಳ ಮೇಲೆ.

ಆದರೆ ಹಾನಿಯ ಪ್ರಮಾಣ ಯಾವ ಭಾಗಕ್ಕೆ, ಯಾವ ಕ್ಷಣದಲ್ಲಿ ಬಡಿಯಿತು ಎಂಬುದನ್ನು ಅವಲಂಬಿಸಿದೆ. ವಿಮಾನ ಏರುವಾಗ ಮತ್ತು ಇಳಿಯುವಾಗ ನೆಲಕ್ಕೆ ಹತ್ತಿರವಿರುತ್ತದೆ, ವೇಗ ಕಡಿಮೆಯಿರುತ್ತದೆ, ಪೈಲಟ್‌ಗಳ ಕೈ ತುಂಬ ಕೆಲಸವಿರುತ್ತದೆ. ಏನಾದರೂ ಕೆಟ್ಟರೆ ಸರಿಪಡಿಸಿಕೊಳ್ಳಲು ಬೇಕಾದ ಎತ್ತರವೂ ಸಮಯವೂ ಆಗಲೇ ಅತ್ಯಂತ ಕಡಿಮೆ. ಡ್ರೋನ್‌ಗಳು ಸಿಗುವುದೂ ಅದೇ ಎತ್ತರದಲ್ಲಿ. ಜೊತೆಗೆ ಲಿಥಿಯಂ ಬ್ಯಾಟರಿಯ ವಿಷಯವಿದೆ. ಜಜ್ಜಿ ಹೋದ ಲಿಥಿಯಂ ಬ್ಯಾಟರಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು, ಅದು ರೆಕ್ಕೆಯ ಸೀಳಿನೊಳಗೆ ಸಿಕ್ಕಿಕೊಂಡರೆ ಹಕ್ಕಿಯಿಂದ ಎಂದೂ ಬರದ ಅಪಾಯವೊಂದು ಹುಟ್ಟುತ್ತದೆ.

ಹಗುರ ಡ್ರೋನ್‌ಗಳಿಂದ ತೊಂದರೆಯಿಲ್ಲ ಎನ್ನುವವರಿಗೆ 2025ರ ಜನವರಿ 9ರ ಘಟನೆ ಉತ್ತರ. ಲಾಸ್ ಏಂಜಲೀಸ್‌ನ ಕಾಡ್ಗಿಚ್ಚಿನ ಮೇಲೆ ನೀರು ಸುರಿಯುತ್ತಿದ್ದ ಕೆನಡಾದ ವಿಮಾನಕ್ಕೆ, ಬೆಂಕಿಯನ್ನು ಚಿತ್ರೀಕರಿಸಲು ಒಬ್ಬರು ಹಾರಿಸಿದ ಡ್ರೋನ್ ಬಡಿದು, ಎಡರೆಕ್ಕೆಯಲ್ಲಿ ಸುಮಾರು ಮೂರು ಇಂಚು ಅಗಲ, ಆರು ಇಂಚು ಉದ್ದದ ತೂತಾಯಿತು. ಆ ಡ್ರೋನ್ ನಮ್ಮ ಲೆಕ್ಕದಲ್ಲಿ ನ್ಯಾನೋ ವರ್ಗದ್ದು, 250 ಗ್ರಾಂ ಒಳಗಿನದು. ವಿಮಾನ ಸುರಕ್ಷಿತವಾಗಿ ಇಳಿಯಿತು, ಆದರೆ ದುರಸ್ತಿಗಾಗಿ ಕೆಲವು ದಿನ ನೆಲದಲ್ಲೇ ನಿಂತಿತು. ಬೆಂಕಿ ಹೊತ್ತಿ ಉರಿಯುತ್ತಿರುವಾಗ ನೀರು ತರುವ ವಿಮಾನವೊಂದು ಕಡಿಮೆಯಾಯಿತು ಎಂಬುದನ್ನೂ ಹಾನಿಯ ಲೆಕ್ಕಕ್ಕೆ ಸೇರಿಸಬೇಕು.

ಒಬ್ಬರಿಗೊಬ್ಬರು ಕಾಣುವುದಿಲ್ಲವೇ?

ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದ ತಿರುಳು ಇಲ್ಲಿದೆ. ಪೆಟ್ಟಿನ ಬಲಕ್ಕಿಂತಲೂ ದೊಡ್ಡ ಸಮಸ್ಯೆಯೆಂದರೆ ಪೈಲಟ್‌ಗೆ ಡ್ರೋನ್ ಕಾಣುವುದಿಲ್ಲ, ರೇಡಾರ್‌ಗೂ ಸಾಮಾನ್ಯವಾಗಿ ಕಾಣುವುದಿಲ್ಲ, ಡ್ರೋನ್ ಹಾರಿಸುವವನಿಗೆ ವಿಮಾನ ಕಾಣುವಷ್ಟರಲ್ಲಿ ಕಾಲ ಮೀರಿರುತ್ತದೆ.

ಪೈಲಟ್‌ನಿಂದಲೇ ಆರಂಭಿಸೋಣ. ಎದುರಿನ ವಸ್ತುವನ್ನು ಕಂಡು, ಅದು ಏನೆಂದು ಗುರುತಿಸಿ, ಡಿಕ್ಕಿಯಾಗುತ್ತದೆಂದು ಅರಿತು, ನಿರ್ಧರಿಸಿ, ಕೈಯಾಡಿಸಿ, ವಿಮಾನ ವಾಸ್ತವವಾಗಿ ಪಕ್ಕಕ್ಕೆ ಸರಿಯುವವರೆಗೆ ಒಟ್ಟು ಸುಮಾರು 12.5 ಸೆಕೆಂಡು ಬೇಕೆಂದು ಅಮೆರಿಕದ ವಿಮಾನಯಾನ ಆಡಳಿತದ ಮಾರ್ಗದರ್ಶಿ ಹೇಳುತ್ತದೆ. ಗಂಟೆಗೆ 260 ಕಿಲೋಮೀಟರ್ ವೇಗದಲ್ಲಿ ವಿಮಾನ ಅಷ್ಟು ಹೊತ್ತಿನಲ್ಲಿ 900 ಮೀಟರ್ ಸಾಗಿರುತ್ತದೆ. ಅಷ್ಟು ದೂರದಿಂದ, ಮೋಡದ ಹಿನ್ನೆಲೆಯಲ್ಲಿ, ಒಂದು ಅಡಿಯಷ್ಟು ಅಗಲದ ಬೂದು ಬಣ್ಣದ ಯಂತ್ರವು ಆರೋಗ್ಯವಂತ ಕಣ್ಣಿನ ಗ್ರಹಿಕೆಯ ಕೊಟ್ಟಕೊನೆಯ ಅಂಚಿನಲ್ಲಿರುತ್ತದೆ. ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಚಲಿಸುವ ವಸ್ತುವನ್ನು ನಮ್ಮ ಕಣ್ಣು ಬೇಗ ಹಿಡಿಯುತ್ತದೆ, ಆದರೆ ನೇರ ಡಿಕ್ಕಿಯ ದಾರಿಯಲ್ಲಿರುವ ವಸ್ತು ಪೈಲಟ್‌ನ ಗಾಜಿನ ಮೇಲೆ ಅತ್ತಿತ್ತ ಸರಿಯುವುದೇ ಇಲ್ಲ. ಅದು ಒಂದೇ ಕಡೆ ನಿಂತ ಚುಕ್ಕೆಯಾಗಿದ್ದು, ಕೊನೆಯ ಕ್ಷಣಗಳಲ್ಲಿ ಮಾತ್ರ ಹಠಾತ್ತನೆ ದೊಡ್ಡದಾಗುತ್ತದೆ. ಅಪಾಯಕಾರಿಯಾದ ಡ್ರೋನೇ ಅತಿ ಕಡಿಮೆ ಕಾಣುವ ಡ್ರೋನ್ ಆಗಿಬಿಡುತ್ತದೆ.

ಇನ್ನು ರೇಡಾರ್. ವಿಮಾನ ನಿಲ್ದಾಣದ ರೇಡಾರ್ ದೊಡ್ಡ ಲೋಹದ ವಸ್ತುಗಳನ್ನು ಹುಡುಕಲು ಸಿದ್ಧಪಡಿಸಿದ್ದು. ನಿಧಾನವಾಗಿ, ಕೆಳಮಟ್ಟದಲ್ಲಿ ಸಾಗುವ ಸಣ್ಣ ವಸ್ತುಗಳ ಪ್ರತಿಫಲನವನ್ನು ಅದು ಹಕ್ಕಿ ಅಥವಾ ಅಲೆಗಳ ಗದ್ದಲವೆಂದು ತಾನೇ ಸೋಸಿ ತೆಗೆಯುತ್ತದೆ. ಹಾಗೆ ಮಾಡದಿದ್ದರೆ ನಿಯಂತ್ರಕರ ಪರದೆಯ ಮೇಲೆ ನಿಜವಾದ ವಿಮಾನಗಳು ಕಾಣದಷ್ಟು ಚುಕ್ಕೆಗಳು ತುಂಬಿಹೋಗುತ್ತವೆ. ವಿಮಾನಗಳನ್ನು ಸ್ಪಷ್ಟವಾಗಿ ಗುರುತಿಸುವುದು ಟ್ರಾನ್ಸ್‌ಪಾಂಡರ್ ಎಂಬ ಉಪಕರಣದಿಂದ. ರೇಡಾರಿನ ಸಂಕೇತಕ್ಕೆ ಉತ್ತರವಾಗಿ ತನ್ನ ಗುರುತು ಮತ್ತು ಎತ್ತರವನ್ನು ಅದು ಕಳಿಸುತ್ತದೆ. ಎರಡು ವಿಮಾನಗಳು ಹತ್ತಿರವಾದಾಗ ‘ಮೇಲೇರು’, ‘ಕೆಳಗಿಳಿ’ ಎಂದು ಪೈಲಟ್‌ಗಳನ್ನು ಎಚ್ಚರಿಸುವ ವ್ಯವಸ್ಥೆಯೂ ಇದೇ ಉಪಕರಣವನ್ನು ನಂಬಿದೆ. ಅಂಗಡಿಯಲ್ಲಿ ಸಿಗುವ ಡ್ರೋನ್‌ನಲ್ಲಿ ಟ್ರಾನ್ಸ್‌ಪಾಂಡರ್ ಇರುವುದಿಲ್ಲ, ಹಾಗಾಗಿ ಆ ಎಚ್ಚರಿಕೆ ವ್ಯವಸ್ಥೆಯ ಪಾಲಿಗೆ ಅದು ಇಲ್ಲವೇ ಇಲ್ಲ.

ಮೂರನೆಯವನು ನೆಲದಲ್ಲಿರುವ ಡ್ರೋನ್ ಚಾಲಕ. 2017ರ ಸೆಪ್ಟೆಂಬರ್ 21ರಂದು ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಬಳಿ ಅಮೆರಿಕದ ಸೇನಾ ಹೆಲಿಕಾಪ್ಟರೊಂದಕ್ಕೆ ಸುಮಾರು 300 ಅಡಿ ಎತ್ತರದಲ್ಲಿ ಡ್ರೋನ್ ಬಡಿಯಿತು. ಹಾರಿಸಿದವರು ಸುಮಾರು ನಾಲ್ಕು ಕಿಲೋಮೀಟರ್ ದೂರದಲ್ಲಿದ್ದರು. ಅವರ ಕಣ್ಣಿದ್ದದ್ದು ಕೈಯಲ್ಲಿನ ಪರದೆಯ ಮೇಲೆ. ಡ್ರೋನ್ ಸಂಪರ್ಕ ತಪ್ಪಿ ಎಲ್ಲೋ ಬಿದ್ದಿತೆಂದು ಅವರು ಭಾವಿಸಿದ್ದರು. ಹೆಲಿಕಾಪ್ಟರ್‌ನಲ್ಲಿ ಸಿಕ್ಕ ಡ್ರೋನ್ ಮೋಟರಿನ ಸಂಖ್ಯೆಯ ಜಾಡು ಹಿಡಿದು ತನಿಖಾಧಿಕಾರಿಗಳು ಸಂಪರ್ಕಿಸಿದಾಗಲೇ ಡಿಕ್ಕಿಯ ವಿಷಯ ಅವರಿಗೆ ತಿಳಿಯಿತು. ಡ್ರೋನ್‌ನ ಕ್ಯಾಮೆರಾ ಸಾಮಾನ್ಯವಾಗಿ ಮುಂದಕ್ಕೋ ಕೆಳಕ್ಕೋ ನೋಡುತ್ತದೆ, ಹಿಂದಿನಿಂದ ಅಥವಾ ಮೇಲಿನಿಂದ ಬರುವುದು ಅದರ ಪರದೆಗೆ ಬರುವುದಿಲ್ಲ. ಡ್ರೋನನ್ನು ಸದಾ ಬರಿಗಣ್ಣಿನ ಅಳವಿನಲ್ಲೇ ಇಟ್ಟುಕೊಳ್ಳಬೇಕು ಎಂಬ ಷರತ್ತಿನ ಹಿಂದಿನ ಕಾರಣ ಇದು.

120 ಮೀಟರ್ ಎಂಬ ಮಿತಿ ಎಲ್ಲಿಂದ ಬಂತು?

ಯಾರಿಗೂ ಯಾರೂ ಕಾಣದಿದ್ದಾಗ ಉಳಿಯುವ ಉಪಾಯ ಒಂದೇ, ಇಬ್ಬರನ್ನೂ ಬೇರೆ ಬೇರೆ ಜಾಗದಲ್ಲಿ ಇಡುವುದು. ಪ್ರಯಾಣಿಕ ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿ ಇಳಿಜಾರಿನಲ್ಲಿ ರನ್‌ವೇಗೆ ಬರುತ್ತದೆ. ಲೆಕ್ಕ ಹಾಕಿದರೆ, ನೆಲ ಮುಟ್ಟುವ ಬಿಂದುವಿನಿಂದ ಪ್ರತಿ ಕಿಲೋಮೀಟರ್ ಹಿಂದಕ್ಕೆ ಅದರ ಎತ್ತರ ಸುಮಾರು 52 ಮೀಟರಿನಷ್ಟು ಹೆಚ್ಚುತ್ತದೆ. 12 ಕಿಲೋಮೀಟರ್ ದೂರದಲ್ಲಿ ಅದು 600 ಮೀಟರಿಗಿಂತ ಮೇಲಿರುತ್ತದೆ, 8 ಕಿಲೋಮೀಟರಿನಲ್ಲಿ ಸುಮಾರು 420, ಐದರಲ್ಲಿ ಸುಮಾರು 260. ಎರಡೂಕಾಲು ಕಿಲೋಮೀಟರಿನ ಒಳಗೆ ಬಂದಾಗ ಅದು 120 ಮೀಟರಿಗಿಂತ ಕೆಳಗೆ ಇಳಿದಿರುತ್ತದೆ.

ನಮ್ಮ ನಿಯಮಾವಳಿಯ ಅಂಕಿಗಳು ಈ ಇಳಿಜಾರಿನೊಂದಿಗೆ ಹೊಂದಿಕೊಳ್ಳುವುದನ್ನು ಗಮನಿಸಬಹುದು. ನಿಲ್ದಾಣದ ಸುತ್ತುಗೋಡೆಯಿಂದ 5 ಕಿಲೋಮೀಟರ್ ಒಳಗಿನದು ಕೆಂಪು ವಲಯ. ಅಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. 5ರಿಂದ 8 ಕಿಲೋಮೀಟರ್ ಹಳದಿ ವಲಯ. ಅಲ್ಲಿ ನೆಲದಿಂದಲೇ ವಾಯು ಸಂಚಾರ ನಿಯಂತ್ರಣದ ಅನುಮತಿ ಬೇಕು. 8ರಿಂದ 12 ಕಿಲೋಮೀಟರ್ ನಡುವೆ 60 ಮೀಟರ್, ಅಂದರೆ 200 ಅಡಿಯವರೆಗೆ ಹಸಿರು (ಮುಂಗಡ ಅನುಮತಿ ಬೇಡದ ವಲಯ), ಅದರ ಮೇಲೆ ಹಳದಿ. ಅದರಾಚೆಗೆ, ಬೇರೆ ನಿರ್ಬಂಧವಿಲ್ಲದ ಕಡೆ, 120 ಮೀಟರ್ ಅಥವಾ 400 ಅಡಿಯವರೆಗೆ ಹಸಿರು. ಯಾಣದ ಭೈರವೇಶ್ವರ ಶಿಖರದ ಎತ್ತರವೂ ಸುಮಾರು 120 ಮೀಟರ್ ಎಂದು ಹೇಳಲಾಗುತ್ತದೆ. ಅದರ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದವರಿಗೆ ಈ ಮಿತಿ ಎಷ್ಟೆಂಬುದು ಅಂದಾಜಾಗುತ್ತದೆ.

ಘಟ್ಟದ ಸೀಮೆಯಲ್ಲಿ ಈ ಎತ್ತರದ ವಿಷಯದಲ್ಲಿ ಒಂದು ಗೊಂದಲ ಸಹಜವಾಗಿ ಹುಟ್ಟುತ್ತದೆ, ಅದನ್ನು ಬಯಲುಸೀಮೆಯವರು ಎದುರಿಸುವುದು ಕಡಿಮೆ. ನಿಯಮದ ಎತ್ತರ ಡ್ರೋನ್ ಕೆಳಗಿರುವ ನೆಲದಿಂದ ಅಳೆಯುವಂಥದ್ದು, ಆದರೆ ಬಹುತೇಕ ಡ್ರೋನ್‌ಗಳ ಪರದೆ ತೋರಿಸುವುದು ಹಾರಿಸಿದ ಜಾಗದಿಂದ ಇರುವ ಎತ್ತರವನ್ನು. ದೇವಿಮನೆ ಘಟ್ಟದ ತಿರುವಿನಲ್ಲಿ ನಿಂತು ಡ್ರೋನನ್ನು 80 ಮೀಟರ್ ಏರಿಸಿ ಕಣಿವೆಯತ್ತ ತೆಗೆದುಕೊಂಡು ಹೋದರೆ, ಪರದೆಯಲ್ಲಿ 80 ಎಂದೇ ಇರುತ್ತದೆ. ಕೆಳಗಿನ ನೆಲ 200 ಮೀಟರ್ ಕುಸಿದಿದ್ದರೆ ಅದು ನಿಜವಾಗಿ 280 ಮೀಟರ್ ಎತ್ತರದಲ್ಲಿದೆ, ಮಿತಿಯ ಎರಡು ಪಟ್ಟಿಗಿಂತ ಹೆಚ್ಚು. ಹಾರಿಸುವವರಿಗೆ ತಾವು ನಿಯಮ ಮೀರಿದ್ದೇ ತಿಳಿದಿರುವುದಿಲ್ಲ.

ಹೊಡೆದುರುಳಿಸಬಹುದಲ್ಲ, ನಿಲ್ದಾಣ ಮುಚ್ಚುವುದೇಕೆ?

ಜನವಸತಿಯ ಮೇಲೆ ಗುಂಡು ಹಾರಿಸಿದರೆ ಗುಂಡೂ ಡ್ರೋನ್ ಚೂರುಗಳೂ ಎಲ್ಲೋ ಒಂದು ಕಡೆ ಬೀಳಲೇಬೇಕು. ರೇಡಿಯೋ ಸಂಕೇತವನ್ನು ತಡೆದು ಡ್ರೋನನ್ನು ಇಳಿಸುವ ಉಪಕರಣಗಳು ಇವೆ. ಆದರೆ ಡ್ರೋನ್‌ಗಳು ಬಳಸುವುದು ಬಹುಪಾಲು ಮನೆಯ ವೈಫೈ ಬಳಸುವ ತರಂಗಾಂತರಗಳನ್ನೇ, ಜಾಗ ಗುರುತಿಸಲು ವಿಮಾನಗಳೂ ಬಳಸುವ ಜಿಪಿಎಸ್ ಉಪಗ್ರಹಗಳನ್ನೇ. ಇಳಿಯುತ್ತಿರುವ ವಿಮಾನದ ಪಕ್ಕದಲ್ಲಿ ಜಿಪಿಎಸ್ ಸಂಕೇತವನ್ನು ಕೆಡಿಸುವುದು ಹೊಸದೊಂದು ಅಪಾಯವನ್ನು ಸೃಷ್ಟಿಸಿದಂತೆ. ಆದ್ದರಿಂದ ಡ್ರೋನ್ ಎಲ್ಲಿದೆ, ಎಷ್ಟಿವೆ, ಯಾರದು ಎಂಬುದು ಗೊತ್ತಾಗದಿರುವಾಗ ನಿಯಂತ್ರಕರು ಹಾರಾಟ ನಿಲ್ಲಿಸುತ್ತಾರೆ.

ನಿಲ್ಲಿಸುವುದಕ್ಕೂ ಬೆಲೆಯಿದೆ. ಲಂಡನ್ನಿನ ಗ್ಯಾಟ್‌ವಿಕ್ ನಿಲ್ದಾಣದಲ್ಲಿ 2018ರ ಡಿಸೆಂಬರ್ 19ರಿಂದ 21ರವರೆಗೆ ಡ್ರೋನ್ ಕಂಡ ವರದಿಗಳಿಂದಾಗಿ ಸುಮಾರು 1,000 ವಿಮಾನಗಳು ರದ್ದಾದವು ಅಥವಾ ಬೇರೆಡೆಗೆ ತಿರುಗಿದವು, ಸುಮಾರು 1,40,000 ಪ್ರಯಾಣಿಕರು ತೊಂದರೆಗೊಳಗಾದರು. ಹಾರಿಸಿದವರು ಯಾರೆಂದು ಪತ್ತೆಯಾಗಲಿಲ್ಲ. ನಮ್ಮಲ್ಲಿಯೇ 2023ರ ನವೆಂಬರ್ 19ರಂದು ಇಂಫಾಲ್ ನಿಲ್ದಾಣದ ಮೇಲೆ ಗುರುತು ಸಿಗದ ವಸ್ತು ಹಾರುತ್ತಿದೆಯೆಂದು ಸುಮಾರು ಮೂರು ಗಂಟೆ ಸಂಚಾರ ನಿಂತಿತು. ವಾಯುಪಡೆ ರಫೇಲ್ ಯುದ್ಧವಿಮಾನಗಳನ್ನು ಕಳಿಸಿ ಹುಡುಕಿಸಿದರೂ ಏನೂ ಸಿಗಲಿಲ್ಲ.

ಗಾಳಿಯಲ್ಲಿ ಸುತ್ತುತ್ತ ಕಾಯುವ ವಿಮಾನಕ್ಕೆ ಇಂಧನದ ಮಿತಿಯಿದೆ. ಬದಲಿ ನಿಲ್ದಾಣಕ್ಕೆ ತಲುಪಿದ ಮೇಲೂ ಸುಮಾರು 30 ನಿಮಿಷ ಹಾರುವಷ್ಟು ಇಂಧನ ಜೆಟ್ ವಿಮಾನದಲ್ಲಿ ಉಳಿದಿರಬೇಕೆಂಬುದು ನಿಯಮ. ಒಂದೇ ಹೊತ್ತಿಗೆ ಹತ್ತಾರು ವಿಮಾನಗಳು ಪಕ್ಕದ ನಿಲ್ದಾಣಗಳತ್ತ ತಿರುಗಿದರೆ ಅಲ್ಲಿಯೂ ದಟ್ಟಣೆ. ಕಾರವಾರದವರು ಬಳಸುವ ಗೋವಾದ ದಾಬೋಲಿಂ ನಿಲ್ದಾಣವೋ ಶಿರಸಿಯವರು ಬಳಸುವ ಹುಬ್ಬಳ್ಳಿ ನಿಲ್ದಾಣವೋ ಅರ್ಧ ದಿನ ಮುಚ್ಚಿದರೆ, ಡ್ರೋನನ್ನು ಕಣ್ಣಿಂದಲೂ ನೋಡದ ಪ್ರಯಾಣಿಕರು ಇನ್ನೊಂದು ಊರಿನಲ್ಲಿ ಇಳಿದು ಬಸ್ಸು ಹುಡುಕಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಬೇಕು. ಪೈಲಟ್‌ಗಳು ವರದಿ ಮಾಡಿದ್ದೆಲ್ಲವೂ ಡ್ರೋನ್ ಆಗಿರುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಲಂಡನ್ನಿನ ಹೀಥ್ರೋಗೆ ಇಳಿಯುತ್ತಿದ್ದ ವಿಮಾನಕ್ಕೆ ಡ್ರೋನ್ ಬಡಿಯಿತೆಂದು ದೊಡ್ಡ ಸುದ್ದಿಯಾಯಿತು. ಅದು ಡ್ರೋನ್ ಅಲ್ಲದೆ ಇರಬಹುದು, ಪ್ಲಾಸ್ಟಿಕ್ ಚೀಲವೂ ಆಗಿರಬಹುದು ಎಂದು ಅಲ್ಲಿನ ಸಚಿವರೇ ಬಳಿಕ ಹೇಳಿದರು. ಹಾಗಿದ್ದರೂ ನಿಯಂತ್ರಣ ಕೊಠಡಿಯಲ್ಲಿ ಕುಳಿತವರು ಆ ಹೊತ್ತಿನಲ್ಲಿ ಅದನ್ನು ಚೀಲವೆಂದು ಊಹಿಸಿ ಸುಮ್ಮನಿರಲು ಬರುವುದಿಲ್ಲ.

ವಿಮಾನ ನಿಲ್ದಾಣವಿಲ್ಲದ ಜಿಲ್ಲೆಗೆ ಇದು ಹೇಗೆ ಅನ್ವಯಿಸುತ್ತದೆ?

ಉತ್ತರ ಕನ್ನಡದಲ್ಲಿ ಇಂದು ಪ್ರಯಾಣಿಕ ವಿಮಾನಗಳು ಇಳಿಯುವ ನಿಲ್ದಾಣವಿಲ್ಲ. ಆದರೆ ಹೆಲಿಕಾಪ್ಟರ್‌ಗಳಿಗೆ ರನ್‌ವೇ ಬೇಕಿಲ್ಲ. ಕರಾವಳಿಯುದ್ದಕ್ಕೂ ನೌಕಾಪಡೆ, ತಟರಕ್ಷಣಾ ಪಡೆಗಳ ಹಾರಾಟವಿರುತ್ತದೆ, ರಕ್ಷಣಾ ಕಾರ್ಯದಲ್ಲಿ ಅವು 120 ಮೀಟರಿಗಿಂತ ಕೆಳಗೇ ಕೆಲಸ ಮಾಡಬೇಕಾಗುತ್ತದೆ. ಸ್ಟೇಟನ್ ದ್ವೀಪದ ಡಿಕ್ಕಿಯೂ 400 ಅಡಿಯ ಒಳಗೇ ನಡೆದದ್ದು. ಹೆಲಿಕಾಪ್ಟರಿನ ಗಾಜು ಮತ್ತು ಬಾಲದಲ್ಲಿ ತಿರುಗುವ ಪುಟ್ಟ ರೋಟರ್ ಪ್ರಯಾಣಿಕ ವಿಮಾನದ ರೆಕ್ಕೆಗಿಂತ ಬಹಳ ಸೂಕ್ಷ್ಮ. ಬಾಲದ ರೋಟರ್ ಕೆಟ್ಟರೆ ಹೆಲಿಕಾಪ್ಟರ್ ತನ್ನ ಸುತ್ತಲೇ ತಿರುಗತೊಡಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ಬಳಿಕ ಗಂಗಾವಳಿ ನದಿಯಲ್ಲಿ ನಡೆದ ಶೋಧಕ್ಕೆ ಡ್ರೋನ್‌ಗಳನ್ನೂ ಬಳಸಲಾಗಿತ್ತು. ಅಂಥ ಸ್ಥಳದಲ್ಲಿ ಅಧಿಕೃತ ಡ್ರೋನ್‌ಗಳ ನಡುವೆ ನೋಡಲು ಬಂದವರ ಡ್ರೋನ್ ಸೇರಿಕೊಂಡರೆ, ಯಾವುದು ಯಾರದೆಂದು ತಿಳಿಯದೆ ಹೆಲಿಕಾಪ್ಟರನ್ನು ತರಿಸುವುದೇ ಕಷ್ಟವಾಗುತ್ತದೆ.

ಕಾರವಾರದ ನೌಕಾನೆಲೆ, ಕೈಗಾ ಅಣುವಿದ್ಯುತ್ ಸ್ಥಾವರಗಳಂಥ ಜಾಗಗಳ ಸುತ್ತ ನಿರ್ಬಂಧವಿರುವುದಕ್ಕೆ ವಿಮಾನ ಸುರಕ್ಷತೆಗಿಂತ ರಕ್ಷಣಾ ಕಾರಣಗಳು ಮುಖ್ಯ, ಅದು ಬೇರೆಯೇ ವಿಷಯ. ಆದರೆ ಹಾರಿಸುವವರ ಮಟ್ಟಿಗೆ ಎರಡೂ ಒಂದೇ ನಕ್ಷೆಯಲ್ಲಿ ಬಣ್ಣಗಳಾಗಿ ಕಾಣುತ್ತವೆ. ಹಾರಿಸುವ ಮುನ್ನ ಈ ವಾಯುಪ್ರದೇಶ ನಕ್ಷೆಯನ್ನು ನೋಡುವುದು ನಿಯಮಾವಳಿಯಂತೆ ಕಡ್ಡಾಯ. ಉಲ್ಲಂಘನೆಗೆ ಈ ನಿಯಮಾವಳಿ ಗರಿಷ್ಠ 1 ಲಕ್ಷ ರೂಪಾಯಿ ದಂಡವನ್ನು ಗೊತ್ತುಪಡಿಸಿದೆ. ನ್ಯಾನೋ ಡ್ರೋನ್‌ಗೆ ಮತ್ತು ವಾಣಿಜ್ಯೇತರ ಬಳಕೆಯ ಮೈಕ್ರೋ ಡ್ರೋನ್‌ಗೆ ಚಾಲಕ ಪ್ರಮಾಣಪತ್ರ ಬೇಕಿಲ್ಲ ಎಂಬ ವಿನಾಯಿತಿ ಇರುವುದು ನಿಜ. ಆದರೆ ಆ ವಿನಾಯಿತಿ ಪ್ರಮಾಣಪತ್ರಕ್ಕೆ ಮಾತ್ರ. ಕೆಂಪು ವಲಯ ಅವಕ್ಕೂ ಕೆಂಪು ವಲಯವೇ. ಮದುವೆಗೆ ಹಣ ಪಡೆದು ಹಾರಿಸುವ ಮೈಕ್ರೋ ಡ್ರೋನ್ ಈ ವಿನಾಯಿತಿಯೊಳಗೆ ಬರುವುದೂ ಇಲ್ಲ.

ನಕ್ಷೆ ಸ್ಥಿರವಾದದ್ದಲ್ಲ. ಅಲಗೇರಿಯಲ್ಲಿ ನಿಲ್ದಾಣ ಕಾರ್ಯಾರಂಭ ಮಾಡಿದ ದಿನದಿಂದ ಅದರ ಸುತ್ತುಗೋಡೆಯಿಂದ 12 ಕಿಲೋಮೀಟರಿನ ಲೆಕ್ಕ ಇಲ್ಲಿಗೂ ಅನ್ವಯಿಸುತ್ತದೆ, ಅಂಕೋಲಾ ಪಟ್ಟಣವೂ ಅದರೊಳಗೆ ಬರುತ್ತದೆ. ಇಂದು ಹಸಿರಾಗಿರುವ ಮದುವೆ ಮಂಟಪದ ಅಂಗಳ ಅಂದು ಹಳದಿಯೋ ಕೆಂಪೋ ಆಗಬಹುದು. ಅದಕ್ಕೂ ಮೊದಲೇ, ಶಿರಸಿ ಮಾರಿಕಾಂಬಾ ಜಾತ್ರೆ ಅಥವಾ ಗೋಕರ್ಣದ ಶಿವರಾತ್ರಿ ರಥೋತ್ಸವದಂಥ ಸಂದರ್ಭದಲ್ಲಿ, ಗಣ್ಯರ ಭೇಟಿಯಿದ್ದಾಗ, ಪೊಲೀಸ್ ವರಿಷ್ಠಾಧಿಕಾರಿ ಅಥವಾ ಅವರಿಗಿಂತ ಮೇಲಿನ ದರ್ಜೆಯ ಅಧಿಕಾರಿ ಒಂದು ಪ್ರದೇಶವನ್ನು ಸೀಮಿತ ಅವಧಿಗೆ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಲು ನಿಯಮಾವಳಿಯಲ್ಲಿ ಅವಕಾಶವಿದೆ. ಹಾಗಾಗಿ ಹಿಂದಿನ ಜಾತ್ರೆಯಲ್ಲಿ ಹಾರಿಸಿದ್ದೆವು ಎಂಬುದು ಈ ಸಲಕ್ಕೆ ಅನುಮತಿಯಾಗುವುದಿಲ್ಲ. ನಕ್ಷೆಯನ್ನು ನೋಡಬೇಕಾದದ್ದು ಹಾರಿಸುವ ದಿನ, ಹಾರಿಸುವ ಜಾಗಕ್ಕೆ.